ಹಣೆಗಂಟಿದ ನೋಟು

ಯುದ್ಧದ ಹಾಡು ಬೇಕೆಂದು ಎಲ್ಲರಿಗಿಂತ ಜೋರಾಗಿ ಕೂಗುವವನು ಯುದ್ಧಕ್ಕೆ ಹೋದವನಲ್ಲ; ಇದು ನಿಮಗೂ ಗೊತ್ತು. ಎರಡು ದೇಶಗಳ ನಡುವೆ ಹರಿಯುವ ದ್ರಿನಾ ನದಿಯ ದಂಡೆಯ ನಮ್ಮ ಮದುವೆಗಳಲ್ಲಿ ಅಕಾರ್ಡಿಯನ್ ನುಡಿಸುವ ಯೊವಿತ್ಸನಿಗಂತೂ ಚೆನ್ನಾಗಿ ಗೊತ್ತು. ನಿದ್ದೆಯಲ್ಲೂ ಅವನ ಬೆರಳು ಹೆಂಡತಿಯ ಬೆನ್ನ ಮೇಲೆ ಕುಣಿಯುತ್ತವಂತೆ. ಅಜ್ಜಿಯರು ಪ್ರೇಮಗೀತೆ ಕೇಳಲಿ, ಕುಡುಕರು ಶೋಕಗೀತೆ ಕೇಳಲಿ, ಅವನದು ಒಂದೇ ಮಾತು: "ಆಯ್ತಣ್ಣ, ಆಯ್ತಮ್ಮ." ಹಾಡು ಬೇಕಾದವರು ನೋಟಿಗೆ ಉಗುಳು ಹಚ್ಚಿ ಅವನ ಹಣೆಗೆ ಅಂಟಿಸುತ್ತಾರೆ, ಅಂಟಿತೆಂದರೆ ನುಡಿಸಲೇಬೇಕು. ಮೊನ್ನೆ ಒಂದು ಮದುವೆಯಲ್ಲಿ ವರನ ಸೋದರಮಾವ ರಾದಿವೋಯ್ ಅಂಟಿಸಿದ. "ನಮ್ಮ ಯುದ್ಧದ ಹಾಡು ಬಾರ್ಸೋ! ಆಚೆ ದಡದೋರ್ಗೂ ಕೇಳ್ಲಿ!" ಆಚೆ ದಡದವರು, ಆ ಯುದ್ಧದಲ್ಲಿ ನಮ್ಮ ಎದುರಾಳಿಗಳಾಗಿದ್ದವರು, ಎದುರಿಗೇ ಕೂತಿದ್ದರು, ವಧು ಅಮ್ರಾಳ ಬಂಧುಗಳು. ಚಮಚಗಳ ಸದ್ದು ನಿಂತಿತು. ಅವಳ ಚಿಕ್ಕಪ್ಪ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ಏನೋ, ಮರ್ತ್ಹೋಯ್ತಾ?" ಎಂದು ರಾದಿವೋಯ್, ಇನ್ನೂ ನುಡಿಸಲು ಶುರುಮಾಡದ ಯೊವಿತ್ಸನನ್ನು ಕೆಣಕಿದ. "ಮರ್ಯೋದು ಹೆಂಗಣ್ಣ? ಇದನ್ನ ಹಾಡ್ಕೊಂಡೇ ನಮ್ಮ ಬೀದಿ ಹುಡುಗ್ರೆಲ್ಲ ಯುದ್ಧಕ್ಕೆ ಹೋದ್ವಿ. ವಾಪಸ್ ಬಂದೋನು ನಾನೊಬ್ನೇ. ನೀನಾಗ ವಿಯೆನ್ನಾದಲ್ಲಿದ್ದೆ." ಯೊವಿತ್ಸ ತಲೆ ಕೊಡವಿದ; ನೋಟು ನೆಲಕ್ಕೆ ಬಿತ್ತು. "ನೀನ್ ಹೇಳಮ್ಮ ಅಮ್ರಾ, ಯಾವ್ದು ಬಾರ್ಸ್ಲಿ?" ಚಿಕ್ಕಪ್ಪ ಮೆಲ್ಲಗೆ ಕೂತ. ಆ ನೋಟು ಈಗ ನಿಮ್ಮ ಕಾಲ ಬುಡದಲ್ಲಿದೆ. ಅದನ್ನೆತ್ತಿ ಮತ್ತೆ ಅವನ ಹಣೆಗೆ ಅಂಟಿಸಬೇಡಿ.