ಅವಳು ಕಟ್ಟಿದ ಆರು ಮನೆ

ನನ್ನ ಹೆಂಡತಿಯ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಮದುವೆಯಾಗಿ ನಲವತ್ತು ವರ್ಷ ದಾಟಿದ ಮೇಲೆ. ಅದೂ ಒಂದು ಆಟದ ವಿಚಾರಕ್ಕೆ. ಬರೆಯಲು ಕೂತರೆ ನಗು ಬರುತ್ತದೆ, ನಾಚಿಕೆಯೂ ಆಗುತ್ತದೆ. ಆದರೆ ಅದರಲ್ಲಿ ನನ್ನ ಮೊಮ್ಮಗಳಿದ್ದಾಳಲ್ಲ, ಅವಳ ಮಾತು ಬಂದರೆ ನನಗೆ ಸುಮ್ಮನಿರುವುದಕ್ಕೆ ಆಗುವುದೇ ಇಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ಅವಳು ತಿದ್ದುತ್ತಾಳೆ ಅನ್ನುವ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಅವಳು ನನ್ನ ಮಗನ ಮಗಳು. ತಾಳವಾಡಿಯ ಶಾಲೆಯಲ್ಲಿ ಎಂಟನೇ ಕ್ಲಾಸು. ಮಗ ಸೊಸೆ ಬೆಳಗ್ಗೆ ಕೆಲಸಕ್ಕೆ ಹೋದರೆ ಸಂಜೆಗೇ ಬರುವುದು, ಆದ್ದರಿಂದ ಅವಳು ಬೆಳೆದದ್ದು ನಮ್ಮಿಬ್ಬರ ನಡುವೆ. ಒಂದು ದಿನ ಶಾಲೆಯಿಂದ ಒಂದು ಮರದ ಪೆಟ್ಟಿಗೆ ತಂದಳು. ಹೊರಗೆಲ್ಲ ಚೆಸ್ ಆಟದ ಕಪ್ಪು ಬಿಳಿ ಚೌಕ. ಮಡಿಸಿದ್ದನ್ನು ಬಿಚ್ಚಿದರೆ ಒಳಗೆ ಚೂಪಾದ ಮುಕ್ಕೋನಗಳು, ಆ ಕಡೆ ಹನ್ನೆರಡು, ಈ ಕಡೆ ಹನ್ನೆರಡು. ಅಂಥ ಪೆಟ್ಟಿಗೆಯನ್ನು ನಾನು ಅಂಗಡಿಗಳಲ್ಲಿ ಎಷ್ಟೋ ಸಲ ನೋಡಿದ್ದೆ, ಒಳಗಿನದು ಚೆಂದಕ್ಕೆ ಬಳಿದ ಬಣ್ಣ ಅಂದುಕೊಂಡಿದ್ದೆ. ಅದು ಬೇರೆಯದೇ ಆಟವಂತೆ, ಹೆಸರು ಬ್ಯಾಕ್‌ಗ್ಯಾಮನ್. ಹೊಸದಾಗಿ ಬಂದ ಟೀಚರ್ ಮಕ್ಕಳಿಗೆ ಅದನ್ನು ಹೇಳಿಕೊಡುತ್ತಿದ್ದರು.

ಜಗುಲಿಯ ಮೇಲೆ ಕೂರಿಸಿಕೊಂಡು ಅವಳು ನಮಗೆ ಹೇಳಿಕೊಟ್ಟಳು. ಒಬ್ಬೊಬ್ಬರಿಗೆ ಹದಿನೈದು ಕಾಯಿ. ದಾಳ ಎರಡು. ಕಾಯಿಗಳನ್ನೆಲ್ಲ ಸುತ್ತು ಬರಿಸಿ ನಮ್ಮ ಮೂಲೆಗೆ ತಂದು, ಒಂದೊಂದಾಗಿ ಹೊರಗೆ ತೆಗೆದು ಹಣ್ಣು ಮಾಡಬೇಕು. ಒಂದೊಂದು ಮುಕ್ಕೋನವೂ ಒಂದು ಮನೆ. ಒಂದು ಮನೆಯಲ್ಲಿ ಎರಡು ಕಾಯಿ ಜೊತೆಗಿದ್ದರೆ ಎದುರಾಳಿ ಅಲ್ಲಿ ಕಾಲಿಡುವ ಹಾಗಿಲ್ಲ. ಒಂಟಿಯಾಗಿದ್ದರೆ ಕಡಿಯಬಹುದು. ಕಡಿಸಿಕೊಂಡ ಕಾಯಿ ಮತ್ತೆ ಮೊದಲಿಂದ ಹೊರಡಬೇಕು.

“ಇದೇನು ಕೂಸೇ, ನಮ್ ಚೌಕಾಬಾರ ತಾನೇ?” ಎಂದೆ.

ನಾನು ತರಕಾರಿ ಮಂಡಿಯಲ್ಲಿ ಲೋಡು ಹೊರುತ್ತಿದ್ದವನು. ಲಾರಿ ಬರುವ ತನಕ ನೆಲದ ಮೇಲೆ ಇದ್ದಿಲಲ್ಲಿ ಮನೆ ಬರೆದು ಚೌಕಾಬಾರ ಆಡಿ ಆಡಿ ನನ್ನ ಕೈ ಪಳಗಿತ್ತು. ಚೌಕಾಬಾರದಲ್ಲಿ ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಹಾಗಾಗಿ ಒಂಟಿ ಕಾಯಿ ಕಂಡರೆ ನನ್ನ ಕೈ ಯೋಚನೆ ಮಾಡುವುದಿಲ್ಲ, ಕಡಿದುಬಿಡುತ್ತದೆ. ಮೊದಲ ವಾರ ಹೆಂಡತಿಯನ್ನು ದಿನಾ ಸೋಲಿಸಿದೆ. ಅವಳು ಸೋತು ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ನಾನು ಮೀಸೆ ತಿರುವುತ್ತಿದ್ದೆ.

ಆಮೇಲೆ ಮೊಮ್ಮಗಳು ಒಂದು ಸುದ್ದಿ ತಂದಳು. ಮುಂದಿನ ತಿಂಗಳು ಒಂದು ಶುಕ್ರವಾರ ಶಾಲೆಯಲ್ಲಿ ಈ ಆಟವಂತೆ. ಪ್ರತಿ ಮಗುವೂ ಮನೆಯ ಒಬ್ಬ ಹಿರಿಯರನ್ನು ಕರೆತಂದು ಜೊತೆಗೆ ಆಡಬೇಕಂತೆ.

“ಬಿಳಿ ಪಂಚೆ ತೊಳುದ್ ಮಡುಗ್ತೀನಿ,” ಎಂದೆ.

“ಇರು ತಾತ. ಒಬ್ರೇ ಬರೋದು. ಅಜ್ಜಿನೂ ಆಡ್ತದೆ ಅಲ್ವಾ? ಮೂರು ವಾರ ಇಬ್ರೂ ಕಲೀರಿ. ಆಮೇಲ ಒಂದ್ ಭಾನ್ವಾರ ಮೂರಾಟ ಇಡ್ತೀನಿ. ಗೆದ್ದೋರು ನನ್ ಜೊತೆ.”

ನಾನು ಆ ಶಾಲೆಗೆ ಹೋಗಿಲ್ಲವೆಂದಲ್ಲ. ಮಧ್ಯಾಹ್ನದ ಊಟಕ್ಕೆ ಎಲೆಕೋಸಿನ ಮೂಟೆ ಹೊತ್ತು ಹಿಂಬಾಗಿಲ ತನಕ ಎಷ್ಟೋ ಸಲ ಹೋಗಿದ್ದೇನೆ. ಮೂಟೆ ಇಳಿಸಿ, ಬೆವರು ಒರೆಸಿ, ಹಾಗೇ ಹಿಂದಿರುಗಿದ್ದೇನೆ. ಮುಂಬಾಗಿಲಲ್ಲಿ ಮೊಮ್ಮಗಳ ಕೈ ಹಿಡಿದು ಹೋಗಿ ಬೆಂಚಿನ ಮೇಲೆ ಕೂರಬೇಕು, ಅದು ನನ್ನ ಆಸೆ. ಬಾಯಿಬಿಟ್ಟು ಹೇಳಲಿಲ್ಲ. ಹೇಗೂ ಗೆಲ್ಲುವವನು ನಾನೇ ತಾನೇ ಅಂದುಕೊಂಡೆ.

ಅಲ್ಲಿಂದ ಪಾಠ ಬೇರೆಯಾಯಿತು. ಕಾಯಿ ನಡೆಸುವುದು ಒಂದು, ಯಾಕೆ ನಡೆಸಬೇಕು ಅನ್ನುವುದು ಇನ್ನೊಂದು. ಟೀಚರ್ ಹೇಳಿದ್ದನ್ನೆಲ್ಲ ಮೊಮ್ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದು ತರುತ್ತಿದ್ದಳು. ಒಂದು ಸಂಜೆ ನನ್ನ ಮೂಲೆಗೆ ಹತ್ತಿರದಲ್ಲೇ ಹೆಂಡತಿಯ ಒಂಟಿ ಕಾಯಿ ಕಂಡಿತು, ಟಪ್ಪನೆ ಕಡಿದೆ. ಮುಂದಿನ ದಾಳಕ್ಕೆ ಅವಳು ನನ್ನ ಕಾಯಿಯನ್ನು ಕಡಿದಳು.

“ತಾತ, ಅಜ್ಜಿ ಕಾಯಿ ಈಗ ತಾನೇ ನಡಿಯಾಕ ಸುರು ಮಾಡಿತ್ತು. ನೀ ಕಡುದ್ರೆ ಅದಕ್ಕ ನಷ್ಟ ಮೂರೆಜ್ಜೆ. ನಿನ್ ಕಾಯಿ ಊರೆಲ್ಲ ಸುತ್ಕಂಡು ಮನೆ ಬಾಗ್ಲಿಗ ಬಂದಿತ್ತು. ಅಜ್ಜಿ ಅದ ಕಡುದ್ರೆ ಇಪ್ಪತ್ತೆಜ್ಜೆ ಓಯ್ತು. ಮೂರಕ್ಕ ಆಸೆಪಟ್ಟು ಇಪ್ಪತ್ ಕಳ್ಕಂಡೆಯಲ್ಲ!”

“ಕಡ್ದಿದ್ ಕಡ್ದಿದ್ದೇ ಕಣ,” ಎಂದೆ.

“ನಿನ್ ತಾತುಂಗ ಕಡಿಯೋದ್ ಒಂದೇ ಗೊತ್ತು ಕೂಸೇ,” ಎಂದು ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಎರಡನೇ ವಾರದಿಂದ ಅವಳು ಗೆಲ್ಲತೊಡಗಿದಳು. ಅವಳು ನನ್ನ ಕಾಯಿಗಳ ಹಿಂದೆ ಓಡುತ್ತಲೇ ಇರಲಿಲ್ಲ. ಎರಡೆರಡು ಕಾಯಿಗಳನ್ನು ಒಂದರ ಪಕ್ಕ ಒಂದು ಮನೆಯಲ್ಲಿ ಕೂರಿಸುತ್ತ ಬರುತ್ತಿದ್ದಳು. ನಾಲ್ಕು ಮನೆ, ಐದು ಮನೆ, ನಡುವೆ ತೆರಪೇ ಇಲ್ಲ. ಆರು ಮನೆ ಸಾಲಾದರೆ ಮುಗಿಯಿತು. ದಾಳದಲ್ಲಿ ಆರಕ್ಕಿಂತ ದೊಡ್ಡದು ಇಲ್ಲವಲ್ಲ, ಹಿಂದಿರುವ ಕಾಯಿ ಹಾರಿ ದಾಟಲಾರದು. ನನ್ನದು ಒಂದೋ ಎರಡೋ ಅಲ್ಲೇ ಸಿಕ್ಕಿಕೊಂಡು ಕೂರುತ್ತಿತ್ತು. ಅವಳು ಸಾಲಿನ ತೀರಾ ಹಿಂದಿನ ಕಾಯಿಗಳನ್ನು ಎತ್ತಿ ಮುಂದಕ್ಕೆ ಇಡುವಳು, ಸಾಲು ಒಂದು ಮನೆ ಮುಂದೆ ಸರಿಯುವುದು. ಮತ್ತೆ ಹಿಂದಿನದು ಮುಂದಕ್ಕೆ.

ಮೊಮ್ಮಗಳು ಕುಣಿದಾಡಿದಳು. “ಅಜ್ಜೀ, ಇದ ನಮ್ ಟೀಚರು ನಮಗೇ ಇನ್ನೂ ಸರಿಯಾಗಿ ಏಳ್ಕೊಟ್ಟಿಲ್ಲ! ನಿಂಗ ಯಾರ್ ಏಳುದ್ರು?”

“ಯಾರ್ ಏಳ್ತಾರೆ? ತೆರಪು ಬುಟ್ರೆ ನಿಮ್ ತಾತ ನುಗ್ತದೆ. ಅದಕ್ಕೇ ಬುಡಾದಿಲ್ಲ.”

ಆ ಹೊತ್ತು ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಯಿತು. ಮೊಮ್ಮಗಳು ಅವಳ ಕೊರಳಿಗೆ ಜೋತು ಬಿದ್ದಿದ್ದಳು. ಊಟದ ಹೊತ್ತಿಗೆ ‘ಅಜ್ಜಿ’ ಅಂತ ಎಷ್ಟು ಸಲ ಅಂದಳು, ‘ತಾತ’ ಅಂತ ಎಷ್ಟು ಸಲ ಅಂದಳು ಅಂತ ಎಣಿಸಿಕೊಂಡು ಕೂತೆ. ಮೊಮ್ಮಗಳು ಇಷ್ಟು ಜಾಣೆಯಾಗಿದ್ದಾಳಲ್ಲ, ನಮಗೆ ಪಾಠ ಹೇಳುತ್ತಾಳಲ್ಲ ಅಂತ ಒಂದು ಕಡೆ ಎದೆ ಉಬ್ಬುತ್ತಿತ್ತು. ಆ ಜಾಣತನವನ್ನೆಲ್ಲ ಇವಳಿಗೇ ಸುರಿಯುತ್ತಾಳಲ್ಲ ಅಂತ ಇನ್ನೊಂದು ಕಡೆ ಉರಿ.

ಒಂದು ಕೆಟ್ಟ ಕೆಲಸವನ್ನೂ ಮಾಡಿದೆ, ಬರೆದುಬಿಡುತ್ತೇನೆ. ಒಂದು ಬೆಳಗ್ಗೆ ಅವರಿಬ್ಬರೂ ಆಟವನ್ನು ಅರ್ಧಕ್ಕೆ ಬಿಟ್ಟು, ಒಬ್ಬಳು ಶಾಲೆಗೆ, ಇನ್ನೊಬ್ಬಳು ಕಳೆ ತೆಗೆಯುವ ಕೂಲಿಗೆ ಹೋಗಿದ್ದರು. ನಾನು ಹೆಂಡತಿಯ ಸಾಲಿನಿಂದ ಒಂದು ಕಾಯಿಯನ್ನು ಎರಡು ಹೆಜ್ಜೆ ಆಚೆ ಇಟ್ಟೆ. ಸಂಜೆ ಅವಳು ಪೆಟ್ಟಿಗೆಯ ಮುಂದೆ ಕೂತು, ಆ ಕಾಯಿಯನ್ನು ಎತ್ತಿ ಅದರ ಜಾಗಕ್ಕೆ ಇಟ್ಟಳು.

“ಬೆಕ್ಕು ಬಂದಿರ್ಬೇಕು,” ಎಂದೆ.

“ಊಂ. ಮೀಸೆ ಇರೋ ಬೆಕ್ಕು,” ಎಂದಳು.

ಇವಳಿಗೆ ಯಾರೋ ಕಲಿಸಿಕೊಡುತ್ತಿದ್ದಾರೆ ಎಂಬ ಅನುಮಾನ ನನ್ನನ್ನು ಬಿಡಲಿಲ್ಲ. ಜೊತೆಯ ಕೂಲಿ ಹೆಂಗಸರಲ್ಲಿ ಯಾರಿಗಾದರೂ ಈ ಆಟ ಗೊತ್ತಿರಬಹುದು. ಇಲ್ಲವೇ ಯಾರದೋ ಫೋನಿನಲ್ಲಿ ನೋಡುತ್ತಿರಬಹುದು. ಮಾರನೆಯ ದಿನ ಅವಳ ಮಧ್ಯಾಹ್ನದ ಬುತ್ತಿಯನ್ನು ನಾನೇ ಹಿಡಿದುಕೊಂಡು ಅರಿಸಿನದ ಹೊಲಕ್ಕೆ ಹೋದೆ. ನಲವತ್ತು ವರ್ಷದಲ್ಲಿ ಅದೇ ಮೊದಲು. ಬೇಲಿಯ ಹತ್ತಿರ ನಿಂತು ನೋಡಿದೆ.

ಹನ್ನೆರಡು ಹೆಂಗಸರು ಕುಕ್ಕರಗಾಲಲ್ಲಿ ಕೂತು, ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ಕಳೆ ಕೀಳುತ್ತ ಬರುತ್ತಿದ್ದರು. ಮುಂದೆ ಓಡುವವರಿಲ್ಲ. ಒಬ್ಬಳ ಸಾಲಿನಲ್ಲಿ ಹುಲ್ಲು ದಟ್ಟವಾಗಿ ಅವಳು ಹಿಂದೆ ಬಿದ್ದಳು. ಪಕ್ಕದ ಸಾಲಿನಲ್ಲಿದ್ದ ನನ್ನ ಹೆಂಡತಿ ಕೈ ಚಾಚಿ ಅವಳ ಪಾಲಿನದ್ದನ್ನೂ ಕಿತ್ತು, “ಏಳು, ಮುಂದುಕ್ ಓಗಿ ಕೂರು,” ಎಂದಳು. ಹಿಂದೆ ಬಿದ್ದವಳು ಎದ್ದು ಎಲ್ಲರಿಗಿಂತ ಒಂದು ಮಾರು ಮುಂದೆ ಹೋಗಿ ಕೂತಳು. ಉಳಿದವರು ಅವಳನ್ನು ಸೇರಿಕೊಂಡರು. ಸಾಲು ಮುರಿಯಲಿಲ್ಲ. ಅವರು ದಾಟಿ ಬಂದ ನೆಲದಲ್ಲಿ ಒಂದು ಎಸಳು ಹುಲ್ಲೂ ಇರಲಿಲ್ಲ.

ನಾನು ಬೇಲಿಯ ಗೂಟ ಹಿಡಿದು ನಿಂತೇ ಇದ್ದೆ. ಮಂಡಿಯಲ್ಲಿ ನಾನು ಕಲಿತದ್ದು ಓಟ. ಮೊದಲು ತುಂಬಿದ ಲಾರಿ ಮೊದಲು ಘಾಟಿ ಇಳಿಯುತ್ತದೆ, ಮೊದಲು ಇಳಿದದ್ದಕ್ಕೆ ಒಳ್ಳೆ ರೇಟು. ಇವಳು ಕಲಿತದ್ದು ಇದು. ಇವಳಿಗೆ ಯಾರೂ ಹೇಳಿಕೊಟ್ಟಿಲ್ಲ ಎಂದು ಗೊತ್ತಾದ ಮೇಲೆ ಹೊಟ್ಟೆಕಿಚ್ಚು ಕಡಿಮೆಯಾಗಬೇಕಿತ್ತು. ಜಾಸ್ತಿಯಾಯಿತು.

“ಇದೇನು ಇವತ್ತು ಬುತ್ತಿ ನಡ್ಕಂಡ್ ಬಂದದೆ!” ಎಂದು ಹೆಂಗಸರು ನಕ್ಕರು. ಹೆಂಡತಿ ನನ್ನ ಮುಖವನ್ನು ದಿಟ್ಟಿಸಿದಳು. “ಕದ್ದು ನೋಡಾಕ ಬಂದದೆ, ಸುಮ್ನಿರಿ,” ಎಂದಳು.

ಆ ಭಾನುವಾರ ಬಂತು. ಮೊದಲ ಆಟ ಅವಳು ಗೆದ್ದಳು, ಎರಡನೆಯದು ನಾನು. ಮೂರನೆಯದರಲ್ಲಿ ಅವಳು ಐದು ಮನೆ ಸಾಲು ಕಟ್ಟಿಬಿಟ್ಟಳು. ನನ್ನ ಕೊನೆಯ ಕಾಯಿ ಸರಿಯಾಗಿ ಅದರ ಹಿಂದೆ. ದಾಟಬೇಕಾದರೆ ಆರು ಬೀಳಬೇಕು, ಬೇರೆ ಏನು ಬಿದ್ದರೂ ಅಲ್ಲೇ. ಶಾಲೆಯ ಬೆಂಚು, ಬಿಳಿ ಪಂಚೆ, ಎಲ್ಲ ಕಣ್ಣ ಮುಂದೆ ಬಂತು. ದಾಳವನ್ನು ಎರಡೂ ಕೈಯಲ್ಲಿ ಮುಚ್ಚಿ ಕುಲುಕಿದೆ.

“ಎಷ್ಟೊತ್ ಕುಲುಕೀಯ? ಅದೇನ್ ಮಜ್ಜಿಗೆ ಕಡೀತಿದ್ದೀಯಾ?” ಎಂದಳು.

ಬಿಟ್ಟೆ. ಎರಡು ದಾಳದಲ್ಲೂ ಆರು! ಜೋಡಿ ಬಿದ್ದರೆ ನಾಲ್ಕು ಸಲ ನಡೆಸಬಹುದು. ನನ್ನ ಕಾಯಿ ಒಂದು ನೆಗೆತಕ್ಕೆ ಸಾಲು ಹಾರಿ, ಉಳಿದದ್ದರಲ್ಲಿ ನನ್ನ ಮೂಲೆಗೇ ಬಂದು ಕೂತಿತು. ಅಲ್ಲಿಂದ ಬರೀ ಓಟ, ಓಟದಲ್ಲಿ ನನ್ನನ್ನು ಹಿಡಿಯುವವರಿಲ್ಲ. ಗೆದ್ದೆ. ಜಗುಲಿಯ ಮೇಲೆ ನಿಂತು ಟವೆಲ್ ಬೀಸಿದೆ.

ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಳು. “ತಾತ, ಎರಡು ದಾಳ ಬೀಳೋಕೆ ಮೂವತ್ತಾರು ತರ ಐತೆ. ಅದರಲ್ಲಿ ಆರು ಕಾಣೋದು ಅನ್ನೊಂದು. ಇಪ್ಪತ್ತೈದು ತರಕ್ಕೆ ನೀನು ಅಲ್ಲೇ ಕೊಳೀತಿದ್ದೆ.”

“ಗೆದ್ದೆನೋ ಇಲ್ವೋ?”

“ಗೆದ್ದೆ. ಶುಕ್ರವಾರ ನೀನೇ ಬರ್ಬೇಕು.” ಆಮೇಲೆ ಅಜ್ಜಿಯ ಕಡೆ ತಿರುಗಿದಳು. “ಅಜ್ಜಿ, ಇನ್ನೊಂದ್ ಸಲ ಇಂಗೇ ಬಂದ್ರೆ ಏನ್ ಮಾಡೀಯ?”

“ಇಂಗೇ ಕಟ್ಟೋದು. ನಾ ಮಾಡುದ್ದು ಸರಿಯಾಗೇ ಐತೆ. ದಾಳ ಬಿದ್ರೆ ನಾನೇನ್ ಮಾಡ್ಲಿ?” ಎಂದು ಅವಳು ಎದ್ದು ಹಟ್ಟಿಗೆ ಹೋಗಿ ದನಕ್ಕೆ ಹುಲ್ಲು ಹಾಕತೊಡಗಿದಳು. ಮುಖದಲ್ಲಿ ಒಂದು ಗೀಟೂ ಇಲ್ಲ. ಸೋತು ಅಷ್ಟು ನೆಮ್ಮದಿಯಾಗಿ ಎದ್ದು ಹೋಗುವುದಕ್ಕೆ ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ಗೆದ್ದವನು ನಾನು, ಹೊಟ್ಟೆ ಉರಿದದ್ದೂ ನನಗೇ.

ಶುಕ್ರವಾರ ಮುಂಬಾಗಿಲಿಂದಲೇ ಹೋದೆ. ಮೊಮ್ಮಗಳು ನನ್ನ ಕಿರುಬೆರಳು ಹಿಡಿದಿದ್ದಳು. “ನಮ್ ತಾತ,” “ನಮ್ ತಾತ,” ಎಂದು ಸಿಕ್ಕವರಿಗೆಲ್ಲ ತೋರಿಸಿದಳು. ಆ ಸಂತೋಷವನ್ನು ಎಲ್ಲಿಡಲಿ? ಕಣ್ಣು ಒರೆಸಿಕೊಳ್ಳುವುದಕ್ಕೆ ಟವೆಲ್ ಕೂಡ ತಂದಿರಲಿಲ್ಲ, ಅಂಗಿಯ ತೋಳಲ್ಲೇ ಒರೆಸಿಕೊಂಡೆ.

ದಾಳ ಮಕ್ಕಳು ಹಾಕಬೇಕು, ಕಾಯಿ ಹಿರಿಯರು ನಡೆಸಬೇಕು, ನಡುವೆ ಮಕ್ಕಳು ಹೇಳಿಕೊಡುವ ಹಾಗಿಲ್ಲ. ನಮ್ಮೆದುರು ಗೆಟ್ಟವಾಡಿಯ ಒಬ್ಬ ಅಜ್ಜಿ, ಅವರ ಮೊಮ್ಮಗಳು. ಅಜ್ಜಿ ಬಾಯಿತುಂಬ ಎಲೆಯಡಿಕೆ ಹಾಕಿಕೊಂಡು ಗತ್ತಿನಲ್ಲಿ ಕೂತಿದ್ದರು. ಆಟ ನಡೆದು ನಡೆದು ಒಂದು ಕಡೆ ನಿಂತಿತು. ನನ್ನವು ಐದು ಮನೆ ಸಾಲಾಗಿದ್ದವು, ಅವರ ಒಂದು ಕಾಯಿ ಅದರ ಹಿಂದೆ ಸಿಕ್ಕಿತ್ತು. ಸಾಲಿಗೆ ಸೇರಬೇಕಾದ ನನ್ನ ಎರಡು ಕಾಯಿ ಇನ್ನೂ ಎರಡು ಹೆಜ್ಜೆ ಹಿಂದೆ ಬಿದ್ದಿದ್ದವು. ನನ್ನ ಮೊಮ್ಮಗಳು ದಾಳ ಹಾಕಿದಳು. ಒಂದು, ಒಂದು.

“ಅಯ್ಯೋ ಪಾಪ,” ಎಂದು ಆ ಅಜ್ಜಿ ನಕ್ಕರು.

ನನ್ನ ಬೇರೊಂದು ಕಾಯಿಗೆ ಒಂದು ಹೆಜ್ಜೆ ಆಚೆ ಅವರ ಇನ್ನೊಂದು ಕಾಯಿ ಒಂಟಿಯಾಗಿ ಕೂತಿತ್ತು. ಕಡಿ, ಕಡಿ ಎಂದು ನನ್ನ ಕೈ ತುರಿಸಿತು. ಅಜ್ಜಿ ಅದನ್ನು ಕಂಡರು. “ಏನ್ರಣ್ಣ, ಕಡಿಯಾಕಿಲ್ವಾ? ಕೈ ನಡುಗ್ತದಾ?”

ಜೋಡಿಯ ನಾಲ್ಕು ಹೆಜ್ಜೆಯಲ್ಲಿ ಒಂದು ಕಡಿಯುವುದಕ್ಕೆ ಹೋದರೆ ಸಾಲು ಕೂಡುವುದಿಲ್ಲ. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಹೊಲದಲ್ಲಿ ಎದ್ದು ಮುಂದಕ್ಕೆ ಹೋಗಿ ಕೂತ ಹೆಂಗಸು ಕಣ್ಣಿಗೆ ಬಂದಳು. ಹಿಂದೆ ಬಿದ್ದಿದ್ದ ಎರಡು ಕಾಯಿಗಳನ್ನು ಎರಡೆರಡು ಹೆಜ್ಜೆ ಎತ್ತಿ ತಂದು ಸಾಲಿಗೆ ಸೇರಿಸಿದೆ. ಆರು ಮನೆ. ಮೊಮ್ಮಗಳು ಮೇಜಿನ ಕೆಳಗೆ ನನ್ನ ಕಾಲನ್ನು ಒದ್ದಳು, ಖುಷಿಗೆ. ಗೆಟ್ಟವಾಡಿಯ ಅಜ್ಜಿ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು. ಆ ಆಟ ನಾವು ಗೆದ್ದೆವು. ಮುಂದಿನದು ಬೇರೆಯವರೊಡನೆ ಸೋತೆವು, ಅದರ ಚಿಂತೆಯಿಲ್ಲ. ಟೀಚರ್ ನನ್ನ ಹತ್ತಿರ ಬಂದು, “ಇಷ್ಟು ಚೆನ್ನಾಗಿ ಎಲ್ಲಿ ಕಲಿತಿರಿ?” ಎಂದು ಕೇಳಿದರು.

“ನಾನೇ ಕಲ್ತೆ,” ಎಂದೆ. ಮೊಮ್ಮಗಳು ನನ್ನ ಮುಖ ನೋಡಿದಳು.

ಮನೆ ಹತ್ತಿರ ಬಸ್ಸು ನಿಂತದ್ದೇ ತಡ, ನನ್ನ ಕಿರುಬೆರಳು ಬಿಟ್ಟು ಓಡಿದಳು. ನಾನು ಚಪ್ಪಲಿ ಎಳೆದುಕೊಂಡು ಹಿಂದೆ ಬರುವಷ್ಟರಲ್ಲಿ ಒಳಗಿಂದ ಕೂಗು ಕೇಳಿಸಿತು. “ಅಜ್ಜೀ! ತಾತ ನಿನ್ನಾಟ ಆಡ್ಬುಡ್ತು! ಕಡಿಯೋ ಕಾಯಿ ಮುಂದೇ ಇತ್ತು, ಕಡೀಲೇ ಇಲ್ಲ!”

“ಅಂಗಾ? ಇಂದುಕ್ ಬಿದ್ದಿದ್ದ ಮುಂದುಕ್ ತಂತಾ?”

“ತಂತು!”

ಒಳಗೆ ಹೋದೆ. ಆಗಲೇ ಪೆಟ್ಟಿಗೆ ಬಿಚ್ಚಿ ಇಬ್ಬರೂ ತಲೆಗೆ ತಲೆ ತಾಗಿಸಿ ಕೂತಿದ್ದರು. ಮೊಮ್ಮಗಳು ಕಾಯಿಗಳನ್ನು ಜೋಡಿಸುತ್ತಿದ್ದಳು, ಇವಳು ನೋಡುತ್ತಿದ್ದಳು. ನನಗೆ ನೀರು ಬೇಕಾ ಎಂದು ಕೇಳುವವರಿಲ್ಲ.

“ಆಯಮ್ಮ ಎಲ್ಲೆಲ್ಲಿ ಇಟ್ಟಿದ್ರು ಕಾಯ? ತೋರ್ಸು ಕೂಸೇ,” ಎಂದಳು ಹೆಂಡತಿ.

“ಸರೀರಿ ಅತ್ಲಾಗೆ,” ಎಂದು ಇಬ್ಬರ ನಡುವೆ ನುಗ್ಗಿ ಕೂತೆ. “ಆಡಿದ್ದು ನಾನು. ನಾನ್ ಇಡ್ತೀನಿ.”