ಎರಡೂ ಕಾಲಿಗೆ ಸಮ

ಮೊನ್ನೆ ದೆಹಲಿಯ ಕರೋಲ್ ಬಾಗ್‌ನ ಫುಟ್‌ಪಾತಿನಲ್ಲಿ ಮಿಲಿಟರಿ ಹಸಿರಿನ ಉಣ್ಣೆ ಕಾಲುಚೀಲಗಳ ರಾಶಿ ಕಂಡು ನಿಂತುಬಿಟ್ಟೆ. ಮಂಡಿಯವರೆಗೆ ಬರುವಂಥವು. ರಾಶಿಯಿಂದ ನುಸಿಗುಳಿಗೆಯ ವಾಸನೆ ಬರುತ್ತಿತ್ತು... ಲಕ್ಷ್ಮೀ ನಗರದ ಎದುರುಮನೆ ಅಕ್ಕನ ವಾಸನೆ.

ನಾನಾಗ ಕೋಚಿಂಗಿಗೆಂದು ಅಲ್ಲೊಂದು ಬಾಡಿಗೆ ಕೋಣೆಯಲ್ಲಿದ್ದೆ. ಅಕ್ಕ ಕೊಡಗಿನವಳು. ಸೈನ್ಯದಲ್ಲಿದ್ದ ಅಪ್ಪನ ಕಾಲುಚೀಲಗಳನ್ನು ಮೇ ತಿಂಗಳ ಸೆಕೆಯಲ್ಲೂ ಬಿಡುತ್ತಿರಲಿಲ್ಲ. ಅವಳಿಗೆ ಲೂಪಸ್ ಇತ್ತು, ಮೈಯ ಕಾವಲು ಮೈಮೇಲೇ ತಿರುಗಿಬೀಳುವ ಕಾಯಿಲೆ. ಅದು ಅವಳ ಚರ್ಮದ ಸಣ್ಣ ರಕ್ತನಾಳಗಳನ್ನು ಹಿಡಿದಿತ್ತು. ನಾಳಗಳು ಊದಿ, ರಕ್ತ ಒಸರಿ, ಕಾಲ ತುಂಬ ಮಸೂರ ಬೇಳೆಯಷ್ಟು ನೇರಳೆ ಚುಕ್ಕೆಗಳು ಏಳುತ್ತಿದ್ದವು. ಕೆಲವು ಒಡೆದು ಹುಣ್ಣಾಗುತ್ತಿದ್ದವು.

ಕಳ್ಳನಿಗೊಂದು ಪಿಳ್ಳೆ ನೆವ. ಅವಳ ಗಂಡನಿಗೆ ಆ ಚುಕ್ಕೆಗಳೇ ನೆವ. ಅವಳ ತಲೆ ಗೋಡೆಗೆ ಬಡಿಯುವ ಸದ್ದು ಓಣಿಗೆಲ್ಲ ಕೇಳುತ್ತಿತ್ತು. ಮರುದಿನ ಯಾರಾದರೂ ಕಲೆಗಳತ್ತ ನೋಡಿದರೆ, ಎಲ್ಲ ಕಾಯಿಲೆಯದು, ನನ್ನ ಹಣೆಬರಹ ಎಂದು ನಿಟ್ಟುಸಿರಿಡುತ್ತಿದ್ದ. ಓಣಿಯವರು ಅವನಿಗೇ ಮರುಗುತ್ತಿದ್ದರು. ಇಂಥ ಹೆಂಡತಿಯನ್ನು ಸಾಕುವ ದೇವರಂಥ ಮನುಷ್ಯನಂತೆ! ನೆನೆದರೆ ಈಗಲೂ ಮೈ ಉರಿಯುತ್ತದೆ.

ಒಂದು ಮಧ್ಯಾಹ್ನ ಹುಣ್ಣಿಗೆ ಪಟ್ಟಿ ಕಟ್ಟಲು ಕರೆದಳು. ಕಾಲುಚೀಲ ಎರಡನ್ನೂ ಕಳಚಿದಳು.

"ಕಾಯಿಲೆ ಎರಡೂ ಕಾಲಿಗೆ ಸಮ ಹಂಚುತ್ತೆ ಕಣೇ," ಅಂದಳು. ಆಮೇಲೆ ಎಡತೊಡೆ, ಎಡತೋಳಿನ ಕಪ್ಪು ಬಾಸುಂಡೆಗಳನ್ನು ತೋರಿಸಿದಳು. "ಇವು ಎಡಕ್ಕೆ ಮಾತ್ರ. ಅವನು ಬಲಗೈಯವನು."

ಪೊಲೀಸರ ಹತ್ತಿರ ಹೋಗೋಣ ಎಂದೆ. ಯಾರೂ ನಂಬುವುದಿಲ್ಲ, ನಾಳೆ ಅವನ ಕೈಯಲ್ಲಿ ಸತ್ತರೂ ಕಾಯಿಲೆಯಿಂದ ಸತ್ತಳು ಅಂತಾರೆ ಎಂದಳು. ಸಾವಿಗಿಂತ ಆ ಸುಳ್ಳಿಗೇ ಅವಳು ಹೆದರಿದ್ದಳು.

ಆ ಚಳಿಗಾಲದ ಒಂದು ಸಂಜೆ ಲಟ್ಟಣಿಗೆ ಮುರಿಯುವ ತನಕ ಬಡಿದ. ನಾನೂ ಓಣಿಯ ಇಬ್ಬರು ಹುಡುಗರೂ ಬಾಗಿಲು ಒದ್ದು ತೆರೆದಾಗ ಅಕ್ಕ ಒಲೆಯ ಪಕ್ಕ ಬಿದ್ದಿದ್ದಳು, ಕಿವಿಯಿಂದ ರಕ್ತ ಸುರಿಯುತ್ತಿತ್ತು. ಆಸ್ಪತ್ರೆಯಲ್ಲೂ ಅವನದು ಅದೇ ಪಾಠ: ಲೂಪಸ್ ಇದೆ, ತಲೆಸುತ್ತಿ ಬಿದ್ದಳು. ಬಲಗಾಲಿನ ಹೊದಿಕೆಯನ್ನಷ್ಟೇ ಸರಿಸಿ ಚುಕ್ಕೆ ತೋರಿಸಿದ. ಡಾಕ್ಟರು ತಲೆಯಾಡಿಸಿದರು. ನಾನು ಹೊದಿಕೆಯನ್ನೇ ಕಿತ್ತೆಸೆದೆ. ಎಡಗಡೆಯನ್ನೂ ನೋಡಿ, ಇವನು ಯಾವ ಕೈಯಲ್ಲಿ ಹೊಡೆಯುತ್ತಾನೆ ಕೇಳಿ ಎಂದು ಹಿಂದಿಯಲ್ಲಿ ಕಿರುಚಿದೆ. ಉತ್ತರವನ್ನು ಅವನ ಕೈಯೇ ಕೊಟ್ಟಿತು. ನನ್ನ ಎಡದವಡೆಯ ಹಲ್ಲೊಂದು ಡಾಕ್ಟರ ಕಣ್ಣೆದುರೇ ನೆಲಕ್ಕೆ ಬಿತ್ತು.

ಅವನು ಜೈಲಿಗೆ ಹೋದ. ಅಕ್ಕ ನೋಯ್ಡಾದ ತಂಗಿಯ ಮನೆ ಸೇರಿದಳು, ನಗುವುದನ್ನೂ ಕಲಿತಳು. ಮುಂದಿನ ಚಳಿಗಾಲದಲ್ಲಿ ಲೂಪಸ್ ಕಿಡ್ನಿಗೆ ಇಳಿಯಿತು, ಎರಡಕ್ಕೂ... ಕೊನೆಯ ಸ್ನಾನ ಮಾಡಿಸಲು ತಂಗಿಯ ಜೊತೆ ನಾನೂ ನಿಂತೆ. ಹಸಿರು ಕಾಲುಚೀಲಗಳನ್ನು ಕಳಚಿದೆವು. ಚುಕ್ಕೆಗಳು ಎಡಕ್ಕೂ ಬಲಕ್ಕೂ ಸಮನಾಗಿದ್ದವು. ಬೇರೆ ಗುರುತು ಮೈಮೇಲೆ ಒಂದೂ ಇರಲಿಲ್ಲ. ಕಾಯಿಲೆಯಿಂದ ಸತ್ತಳು ಎಂದು ಬಂದವರೆಲ್ಲ ಹೇಳಿದರು. ಈ ಸಲ ಅದು ನಿಜವಾಗಿತ್ತು.

"ಲೇಲೋ ಮೇಡಂ," ಎಂದ ಕಾಲುಚೀಲ ಮಾರುವ ಭಯ್ಯಾ. ಒಂದು ಜೊತೆ ಕೈಗೆತ್ತಿಕೊಂಡು ಹಾಗೇ ಇಟ್ಟೆ. ಹಾಕಿಕೊಳ್ಳುವವಳೇ ಇಲ್ಲ. ಮೆಟ್ರೋ ಮೆಟ್ಟಿಲು ಹತ್ತುವಾಗ ನಾಲಿಗೆ ಎಡದವಡೆಯ ಖಾಲಿ ಜಾಗವನ್ನು ಮುಟ್ಟಿ ಮುಟ್ಟಿ ಬರುತ್ತಿತ್ತು.