ಮಾವನ ಚಾರ್ಜು, ನನ್ನ ಮಾತು

ಆ ದಿನ ಫ್ಯಾನು ತಿರುಗುತ್ತಿತ್ತು ಎಂದು ಮೂರು ವರ್ಷ ನಂಬಿಕೊಂಡಿದ್ದೆ. ಈಗ ಅದೂ ಖಾತ್ರಿ ಇಲ್ಲ. ಗಾಳಿಗೆ ಗೋಡೆಯ ಕ್ಯಾಲೆಂಡರಿನ ಹಾಳೆ ಎದ್ದೆದ್ದು ಬೀಳುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಕಣ್ಣಿಗೆ ಕಟ್ಟಿದ್ದೆಲ್ಲ ನಡೆದದ್ದೇ ಆಗಬೇಕಿಲ್ಲ ಎಂದು ಪ್ರತಿ ವರ್ಷ ಹೊಸ ತರಗತಿಗೆ ಪಾಠ ಹೇಳುವವನೂ ನಾನೇ.

ಒಂದು ಫ್ಯಾನಿಗೆ ಇಷ್ಟು ತಲೆ ಕೆಡಿಸಿಕೊಂಡಿದ್ದೇಕೆ ಎಂದು ಹೇಳಬೇಕು. ನಾನು ಮದ್ದೂರಿನ ಹತ್ತಿರದ ಒಂದು ಹಳ್ಳಿಯ ಒಕ್ಕಲು ಮನೆಯವನು. ಮೈಸೂರಿನಲ್ಲಿ ಇತಿಹಾಸ ಓದಿ ಭಾರತೀನಗರದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಯಾರು ಏನು ಹೇಳಿದರೂ ‘ಆಧಾರ ಏನು’ ಎಂದು ಕೇಳುವ ಚಟ ಅಲ್ಲಿಂದ ಅಂಟಿದ್ದು. ಹೆಂಡತಿ ಮಳವಳ್ಳಿಯ ಕಥೋಲಿಕ ಮನೆಯವಳು. ನಮ್ಮದು ರಿಜಿಸ್ಟರ್ ಮದುವೆ, ಹಾಗಾಗಿ ಹುಟ್ಟುವ ಮಕ್ಕಳ ಬಗ್ಗೆ ಚರ್ಚಿನಲ್ಲಿ ಯಾರಿಗೂ ಯಾವ ಮಾತೂ ಕೊಡದೆ ಪಾರಾಗಿದ್ದೆ. ಮಗಳು ಹುಟ್ಟಿದ ಮೇಲೆ ನಮ್ಮಮ್ಮ ತನ್ನ ಪಾಡಿಗೆ ತಾನು ಮಗುವಿನ ಮುಡಿ ಕೊಡಿಸಿದಳು. ಹೆಂಡತಿ ಏನೂ ಅನ್ನಲಿಲ್ಲ. ಮಾವ, ಮಗುವನ್ನು ಚರ್ಚಿಗೆ ಸೇರಿಸುವ ಜ್ಞಾನಸ್ನಾನದ ಮಾತೆತ್ತಿದಾಗ ಮಾತ್ರ ನಾನು, ‘ದೊಡ್ಡವಳಾದ ಮೇಲೆ ಅವಳೇ ತೀರ್ಮಾನ ಮಾಡಲಿ’ ಎಂದುಬಿಟ್ಟೆ.

ಮಾವ ಹೋದ ವರ್ಷ ತೀರಿಕೊಂಡರು. ಈ ವರ್ಷ ಈಸ್ಟರಿಗೆ, ಅವರ ಮಾತಿನಲ್ಲಿ ಪಾಸ್ಕಕ್ಕೆ, ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾಗುವ ಹಿಂದಿನ ದಿನ ಹೆಂಡತಿ ಬಟ್ಟೆ ಮಡಚುತ್ತಾ ಕೇಳಿದಳು.

“ಪಾಸ್ಕ ಹಬ್ಬಕ್ಕೆ ಮಗೂಗೆ ಜ್ಞಾನಸ್ನಾನ ಮಾಡಿಸೋಣ್ವಾ? ಅಪ್ಪನಿಗೆ ನೀವು ಮಾತು ಕೊಟ್ಟಿದ್ರಿ.”

“ನಾನೆಲ್ಲಿ ಕೊಟ್ಟೆ? ನೋಡೋಣ ಅಂದಿದ್ದೆ.”

“ಆಗಲಿ ಮಾವ ಅಂದ್ರಿ. ನಾನೇ ಕೇಳಿಸ್ಕೊಂಡಿದೀನಿ.”

“ಅವಳು ದೊಡ್ಡವಳಾಗಿ ತೀರ್ಮಾನ...”

“ಮುಡಿ ಕೊಡೋವಾಗ ಅವಳನ್ನ ಕೇಳಿದ್ರಾ?”

ಅವಳು ಜಗಳ ಮುಂದುವರಿಸಲಿಲ್ಲ. ಒಂದು ಲಂಗ ಮಡಚಿಟ್ಟು ಹೇಳಿದಳು: “ಹಾಗೆ ಅಂದಿಲ್ಲ ಅಂತ ಖಂಡಿತವಾಗಿ ಹೇಳಿ, ಬಿಟ್ಬಿಡ್ತೀನಿ. ಇನ್ನೊಂದು ಸಲ ಕೇಳಲ್ಲ. ಆದ್ರೆ ಖಂಡಿತ ಅನ್ಬೇಕು.”

ಆ ‘ಖಂಡಿತ’ ನನ್ನ ಬಾಯಿಂದ ಹೊರಡಲಿಲ್ಲ.

ನನಗೆ ನೆನಪಿರುವುದು ಇಷ್ಟು. ಅದು ಮಗಳಿಗೆ ಮೂರು ತುಂಬಿದ ದಿನ. ಮಳವಳ್ಳಿಯ ಮಾವನ ಮನೆಯಲ್ಲಿ ಊಟ ಮುಗಿಸಿ ನಡುಮನೆಯಲ್ಲಿ ಕೂತಿದ್ದೆವು. ಮಾರನೆಯ ಬೆಳಗ್ಗೆ ನನಗೆ ಪರೀಕ್ಷೆಯ ಕೆಲಸ ಇದ್ದುದರಿಂದ ನಾನೊಬ್ಬನೇ ಅವತ್ತೇ ಸಂಜೆ ಐದು ಗಂಟೆಯ ಬಸ್ಸಿಗೆ ಮದ್ದೂರಿಗೆ ಹೊರಡಬೇಕಿತ್ತು. ಹೆಂಡತಿ ಅಡುಗೆಮನೆಯಲ್ಲಿ ವಡೆಗೆ ಬೇಳೆ ರುಬ್ಬುತ್ತಿದ್ದಳು. ಮಾವ ಗೋಡೆಯ ಕ್ಯಾಲೆಂಡರಿನ ಕೆಳಗೆ ತಮ್ಮ ಮರದ ಕುರ್ಚಿಯಲ್ಲಿದ್ದರು. ಅವರು ಶಿವನಸಮುದ್ರದ ವಿದ್ಯುತ್ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ದುಡಿದು ನಿವೃತ್ತರಾದವರು. ವಯಸ್ಸಿಗೆ ಕಿವಿ ಮಂದವಾಗಿತ್ತು. ಜೋರಾಗಿ ಮಾತಾಡುವುದು ಮಾತ್ರ ಯಂತ್ರಗಳ ಪಕ್ಕ ನಿಂತು ಬಂದ ಅಭ್ಯಾಸ.

ಕ್ಯಾಲೆಂಡರಿನಲ್ಲಿ ಯಾವುದೋ ಊರಿನ ದೊಡ್ಡ ಚರ್ಚಿನ ಚಿತ್ರವಿತ್ತು. ಮಗಳು ಅದಕ್ಕೆ ಬೆರಳು ತೋರಿಸಿ, “ತಾತ, ಇದು ಯಾರು ಕಟ್ಟಿದ್ದು?” ಎಂದಳು.

“ಯೇಸುಸ್ವಾಮಿ ಕಣಮ್ಮ,” ಎಂದರು ಮಾವ.

ನಾನು ಸುಮ್ಮನಿರಬೇಕಿತ್ತು. “ಮಾವ, ಆ ಕಟ್ಟಡಕ್ಕೆ ನೂರು ವರ್ಷ ಆಗಿದ್ರೆ ಹೆಚ್ಚು,” ಎಂದೆ.

“ಗೋಡೆ ವಿಚಾರ ಯಾರು ಮಾತಾಡಿದ್ರು ಅಳಿಯಂದ್ರೆ? ಗೋಡೆ ಮೇಸ್ತ್ರಿ ಕಟ್ತಾನೆ. ನಾನು ಹೇಳಿದ್ದು ಧರ್ಮಸಭೆ. ಜನ ಸೇರಿ ಆಗಿರೋದು. ಅದನ್ನ ಅವರೇ ಕಟ್ಟಿದ್ದು.”

“ಅದಕ್ಕೆ ಆಧಾರ?”

ಈ ಪ್ರಶ್ನೆಗಾಗಿಯೇ ಕಾದಿದ್ದವರ ಹಾಗೆ ಅವರು ಕಾಲು ಮಡಚಿ ಕೂತರು. ಯೇಸುವಿನ ಶಿಷ್ಯರಲ್ಲಿ ಒಬ್ಬ ಮೀನು ಹಿಡಿಯುವವನು. ಸ್ವಾಮಿ ಅವನ ಹೆಸರನ್ನೇ ಬದಲಾಯಿಸಿ ಪೇತ್ರ ಎಂದು ಕರೆದರು, ಹಾಗೆಂದರೆ ಬಂಡೆ. ಈ ಬಂಡೆಯ ಮೇಲೇ ನನ್ನ ಸಭೆ ಕಟ್ಟುವುದು ಎಂದರು. ಸ್ವರ್ಗದ ಬೀಗದ ಕೈಯನ್ನೂ ಅವನ ಕೈಗೇ ಕೊಟ್ಟರು. ಅವನ ತರುವಾಯ ರೋಮಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಆ ಜಾಗದಲ್ಲಿ ಕೂರುತ್ತಾ ಬಂದಿದ್ದಾರೆ. ಈಗಿನ ಜಗದ್ಗುರುಗಳು, ಅಂದರೆ ಪೋಪರು, ಕೂತಿರುವುದೂ ಅಲ್ಲೇ.

ನನ್ನ ಓದೆಲ್ಲ ಒಟ್ಟಿಗೆ ಎದ್ದು ನಿಂತಿತು. “ಯೇಸುವಿನ ಚರಿತ್ರೆ ಬರೆದೋರು ನಾಲ್ಕು ಜನ ಮಾವ. ಆ ಬಂಡೆ ಮೇಲೆ ಕಟ್ಟೋ ಮಾತು ಬರೆದಿರೋದು ಅವರಲ್ಲಿ ಒಬ್ರೇ. ಮಿಕ್ಕ ಮೂರು ಜನಕ್ಕೆ ಯಾಕೆ ಕೇಳಿಸ್ಲಿಲ್ಲ?”

“ಕಂಟ್ರೋಲ್ ರೂಮಲ್ಲಿ ನಾಲ್ಕು ಜನ ಇರ್ತಿದ್ವಿ. ಲಾಗ್ ಬುಕ್ಕು ನಾಲ್ಕೂ ಜನ ಬರೀತಿದ್ವಾ? ಒಬ್ಬ ಬರೀತಿದ್ದ, ಮಿಕ್ಕೋರು ಕೆಲ್ಸ ನೋಡ್ತಿದ್ರು. ಬರೀಲಿಲ್ಲ ಅಂತ ಅವ್ರು ಡ್ಯೂಟಿಗೇ ಬಂದಿರ್ಲಿಲ್ಲ ಅಂತೀರಾ?”

“ಬರೆದೋನೇ ಮುಂದೆ ಸೇರಿಸ್ಕೊಂಡಿದ್ರೆ?”

“ಸೇರಿಸ್ಕೊಂಡ ಅನ್ನೋದಕ್ಕೆ ನಿಮ್ಮ ಹತ್ರ ಏನು ಆಧಾರ?”

ನನ್ನ ಮಾತನ್ನೇ ನನಗೆ ತಿರುಗಿಸಿ ಅವರು ಹಲ್ಲು ಬಿಟ್ಟು ನಕ್ಕರು. ಆಮೇಲೆ ಚಾರ್ಜಿನ ಮಾತಿಗೆ ಬಂದರು. ಶಿಫ್ಟಿನವನು ಹೊತ್ತಾಯಿತೆಂದು ಎದ್ದು ಹೋಗುವ ಹಾಗಿಲ್ಲ. ಮುಂದಿನವನು ಬಂದು, ಪುಸ್ತಕ ನೋಡಿ, ಚಾರ್ಜು ತಗೊಂಡೆ ಎಂದು ರುಜು ಹಾಕಬೇಕು. ಅಲ್ಲಿಯವರೆಗೆ ಕುರ್ಚಿ ಬಿಡುವಂತಿಲ್ಲ.

“ನನಗೆ ಚಾರ್ಜು ಕೊಟ್ಟೋನಿಗೆ ಇನ್ನೊಬ್ಬ ಕೊಟ್ಟಿದ್ದ. ಅವನಿಗೆ ಇನ್ಯಾರೋ. ಮೊದಲನೇ ದಿನ ಯಂತ್ರ ತಿರುಗಿಸ್ದೋನ್ನ ನಾನು ಕಂಡಿಲ್ಲ. ಆದ್ರೆ ನಾನು ಕೂತಿದ್ದು ಅವನ ಕುರ್ಚೀಲೇ ಅಂತ ಗೊತ್ತು. ಯಾಕೆ? ಮಧ್ಯ ಯಾರೂ ಎದ್ದು ಹೋಗಿಲ್ಲ. ನಮ್ಮ ಬಿಷಪ್ಪುಗಳೂ ಹಂಗೇ, ತಲೆ ಮೇಲೆ ಕೈಯಿಟ್ಟು ಒಬ್ಬರಿಂದ ಒಬ್ಬರಿಗೆ.”

“ಆ ಕುರ್ಚಿ ನಂದು ಅಂತ ಒಂದೇ ಕಾಲಕ್ಕೆ ಮೂರು ಜನ ಕಿತ್ತಾಡಿದ್ದೂ ಉಂಟು ಮಾವ. ಇತಿಹಾಸದಲ್ಲಿದೆ.”

“ಕಿತ್ತಾಡಿದ್ರು ಅಂದ್ರೆ ಕುರ್ಚಿ ಇತ್ತು ಅಂತ ಆಯ್ತಲ್ಲ.”

“ಕೂತೋರಲ್ಲಿ ಕೆಟ್ಟೋರೂ ಇದ್ರು.”

“ಇದ್ರು. ಇಲ್ಲ ಅಂದೋರ್ಯಾರು? ಕೂತೋನು ಕೆಟ್ಟೋನಾದ್ರೆ ಕಟ್ಟಿದೋರು ಬದಲಾಗ್ತಾರಾ?”

ಈ ಮಾತುಗಳು ಇದೇ ಸಾಲಿನಲ್ಲಿ ಬಂದವೇ, ಅಥವಾ ತರಗತಿಗೆ ಟಿಪ್ಪಣಿ ಮಾಡುವ ಹಾಗೆ ನಾನೇ ಜೋಡಿಸಿಕೊಂಡಿದ್ದೇನೆಯೇ, ಹೇಳಲಾರೆ. ಕೆಲವು ಉತ್ತರಗಳು ಮಾವನಿಗಿಂತ ಸ್ವಲ್ಪ ಹೆಚ್ಚೇ ಚುರುಕಾಗಿವೆ. ಮಾವ ತೀರಿಕೊಂಡ ಮೇಲೆ ಅವರನ್ನು ಗೆಲ್ಲಿಸುವುದು ನನಗೆ ಸುಲಭವಾಗಿರಬಹುದು.

ಕೊನೆಯದೊಂದು ಮಾತ್ರ ಅವರದೇ ಎಂದು ಗೊತ್ತು. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದಾಗ ಅವರು ನನ್ನ ಮುಖ ನೋಡದೆ, ಮಗಳ ತಲೆಗೂದಲು ಸವರುತ್ತಾ, “ನನ್ನಿಂದ ಚಾರ್ಜು ತಗೊಳ್ಳೋರು ಯಾರಾದ್ರೂ ಬರ್ಬೇಕಲ್ಲ ಅಳಿಯಂದ್ರೆ. ಈ ಮಗೂಗೆ ಜ್ಞಾನಸ್ನಾನ ಮಾಡಿಸಿ,” ಎಂದರು. ಅವತ್ತು ಅವರು ಮೆಲ್ಲಗೆ ಮಾತಾಡಿದ್ದು ಅದೊಂದೇ.

ಆಗ ನಾನು ‘ನೋಡೋಣ ಮಾವ’ ಎಂದೆ. ಇಲ್ಲವೇ, ಹೆಂಡತಿ ಹೇಳುವಂತೆ, ‘ಆಗಲಿ ಮಾವ’ ಎಂದೆ.

“ಮಿಕ್ಸಿ ಸದ್ದಲ್ಲಿ ನಿನಗೆ ಹೆಂಗೆ ಕೇಳಿಸ್ತು?” ಎಂದು ಬಟ್ಟೆ ಮಡಚುತ್ತಿದ್ದ ಅವಳನ್ನು ಕೇಳಿದೆ. ಇದು ಗಟ್ಟಿ ಪ್ರಶ್ನೆ ಎಂದುಕೊಂಡಿದ್ದೆ. ನಡುಮನೆಗೂ ಅಡುಗೆಮನೆಗೂ ಮಧ್ಯೆ ಒಂದು ಕೋಣೆ ಇದೆ.

“ಮಿಕ್ಸಿ ಎಲ್ಲಿತ್ತು? ಕರೆಂಟ್ ಹೋಗಿತ್ತು. ಅರ್ಧ ರುಬ್ಬಿದ ಬೇಳೆ ಹಿಡ್ಕೊಂಡು ನಿಂತಿದ್ದೆ.”

“ಫ್ಯಾನು ತಿರುಗ್ತಿತ್ತು. ಕ್ಯಾಲೆಂಡರ್ ಹಾರ್ತಿತ್ತು.”

“ಅದೆಲ್ಲಿ ಹಾರ್ತಿತ್ತು? ನೀವು ಬಸ್ಸಿಗೆ ಹೋದ ಎಷ್ಟೋ ಹೊತ್ತಿನ ಮೇಲೆ ಕರೆಂಟ್ ಬಂತು. ನಿಮಗೆ ವಡೆ ಇಲ್ದೆ ಕಳಿಸಿದ್ವಿ ಅಂತ ಅಪ್ಪ ರಾತ್ರಿಯೆಲ್ಲ ಪೇಚಾಡಿದ್ರು.”

“ವಡೆ ತಿಂದೇ ಹೋದೆ ಕಣೇ. ಬಾಯಿ ಸುಟ್ಕೊಂಡೆ.”

“ನಿಮ್ಮ ಹುಡುಗ್ರಿಗೆ ಇದನ್ನೇ ಪಾಠ ಮಾಡ್ತೀರಾ?” ಎಂದು ಮಡಚಿದ ಬಟ್ಟೆ ಎತ್ತಿಕೊಂಡು ಹೋದಳು.

ಆ ವಾರವೆಲ್ಲ ವಡೆಯ ಬಿಸಿಯನ್ನು ನಾಲಗೆಯ ಮೇಲೆ ತಂದುಕೊಳ್ಳಲು ನೋಡಿದೆ. ಬರುತ್ತಿತ್ತು. ಆದರೆ ಅದು ಯಾವ ದಿನದ ವಡೆ? ಆ ಮನೆಯಲ್ಲಿ ಹತ್ತು ಸಲವಾದರೂ ವಡೆ ತಿಂದಿದ್ದೇನೆ. ಇನ್ನೂ ಕಿರಿಕಿರಿಯಾದದ್ದು ಬೇರೆ. ನಾನು ಆಡಿದ ಮಾತಿಗೆ ಈಗ ಉಳಿದಿರುವ ಸಾಕ್ಷಿ ಒಬ್ಬಳೇ. ಒಬ್ಬರೇ ಹೇಳಿದ್ದನ್ನು ಹೇಗೆ ನಂಬುವುದು ಎಂದು ಮಾವನ ಮುಂದೆ ಕುಣಿದವನು ನಾನು. ಬೇರೆಯವರಿಗೆ ಕೇಳಿಸಲಿಲ್ಲ ಎಂದರೆ ಆ ಮಾತು ಆಡಲೇ ಇಲ್ಲ ಎಂದಾಗುತ್ತದೆಯೇ? ಮಾವನಿಗೆ ಅವತ್ತು ಏನು ಕೇಳಿಸಿತೋ. ಅದಾದ ಮೇಲೆ ಎರಡು ವರ್ಷ ಬದುಕಿದ್ದರು, ಮತ್ತೆ ಜ್ಞಾನಸ್ನಾನದ ಸುದ್ದಿ ಎತ್ತಲಿಲ್ಲ. ನಾನು ಒಪ್ಪಿದ್ದರಿಂದಲೋ, ಜಾರಿಕೊಂಡದ್ದರಿಂದಲೋ, ಎರಡು ಕಡೆಗೂ ಅರ್ಥ ಮಾಡಬಹುದು.

ಭಾನುವಾರ ಹಳ್ಳಿಗೆ ಹೋಗಿದ್ದಾಗ ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. “ಅದೇನ್ಲಾ ನಿಮ್ಮಿಬ್ರುದು? ಮಕ ಊದುಸ್ಕಂಡಿದ್ದೀರಿ,” ಎಂದಳು.

ಹೇಳಿದೆ. ಚರ್ಚನ್ನು ಯೇಸುವೇ ಕಟ್ಟಿದ್ದೆಂಬ ಮಾವನ ನಂಬಿಕೆಯಿಂದ ಹಿಡಿದು ಮಿಕ್ಸಿಯವರೆಗೆ ಎಲ್ಲ ಹೇಳಿದೆ. ಅವಳಿಗೆ ಮೊದಲನೆಯದು ತಮಾಷೆಯಾಗಿ ಕಾಣುತ್ತದೆ ಎಂದುಕೊಂಡಿದ್ದೆ.

“ಈ ಮನೆ ಯಾರ್ ಕಟ್ಸಿದ್ದು ಏಳು ನೋಡವ,” ಎಂದಳು.

“ತಾತ.”

“ನೀನ್ ನೋಡಿದ್ಯಾ?”

“ನೀನೇ ಹೇಳಿದ್ದಲ್ವಾ.”

“ನಂಗೆ ನಿಮ್ಮಪ್ಪ ಏಳಿದ್ದು. ನಿಮ್ಮಪ್ಪಂಗೆ ಅವ್ರವ್ವ ಏಳಿದ್ದು. ಗಾರೆ ಕಲ್ಸಿದ್ದ ನಾನಂತೂ ನೋಡ್ನಿಲ್ಲ. ಅದ್ ಅಂಗಿರ್ಲಿ ಬುಡು. ನೀನು ಮಾತ್ ಕೊಟ್ಯೋ ಇಲ್ವೋ?”

“ಗ್ಯಾಪ್ಕ ಇಲ್ಲ ಕಣವ್ವ.”

“ಗ್ಯಾಪ್ಕ ಇಲ್ದೋನು ಕೊಟ್ಟಿಲ್ಲ ಅಂತ ಎಂಗ್ಲಾ ಅಂತೀಯೆ?”

ಕಾಯಿಯ ಸಿಪ್ಪೆಯನ್ನು ಮೊರದಿಂದ ಆಚೆಗೆ ತಳ್ಳಿ, “ಕೊಟ್ಟೆ ಅಂತ್ಲೂ ಅನ್ನಕಾಗಲ್ಲ, ಅದೂ ಸರಿಯೇ,” ಎಂದು ತಾನೇ ಸೇರಿಸಿದಳು. ಅವಳೂ ನನಗೆ ದಾರಿ ತೋರಿಸಲಿಲ್ಲ.

ವಾಪಸ್ಸು ಬಸ್ಸಿನಲ್ಲಿ ಕೂತಾಗ ಕ್ಯಾಲೆಂಡರು ಮತ್ತೆ ಕಣ್ಣ ಮುಂದೆ ಹಾರಿತು. ಈ ಸಲ ಹಾಳೆಯ ಮೇಲಿನ ಪೆನ್ಸಿಲ್ ಗೀಚು ಕಾಣಿಸಿತು. ಮಾವನಿಗೆ ಒಂದು ಅಭ್ಯಾಸವಿತ್ತು. ನಿವೃತ್ತರಾದ ಮೇಲೂ ಲಾಗ್ ಬುಕ್ಕು ಬರೆಯುವ ಕೈ ಸುಮ್ಮನಿರಲಿಲ್ಲ. ಮನೆಯಲ್ಲಿ ಕರೆಂಟು ಹೋದರೆ ಗಡಿಯಾರ ನೋಡಿ, ಆ ತಾರೀಕಿನ ಚೌಕದಲ್ಲಿ ‘ಹೋ’ ಎಂದು ಬರೆದು ಪಕ್ಕದಲ್ಲಿ ಹೊತ್ತು ಹಾಕುತ್ತಿದ್ದರು. ಬಂದಾಗ ‘ಬಂ’. ಮನೆಯವರೆಲ್ಲ ಅದನ್ನು ಆಡಿಕೊಂಡು ನಗುತ್ತಿದ್ದೆವು. ಅಷ್ಟು ದಿನ ತಲೆ ಕೆಡಿಸಿಕೊಂಡವನಿಗೆ ಅದು ಹೊಳೆದಿರಲಿಲ್ಲ. ಹೊಳೆಯುವುದು ಬೇಕಿರಲಿಲ್ಲವೋ ಏನೋ.

ಮನೆಗೆ ಬಂದು ಹೆಂಡತಿಗೆ ಹೇಳಿದೆ: “ಕ್ಯಾಲೆಂಡರ್ ನೋಡ್ಕೊಂಡು ಬರ್ತೀನಿ. ಕರೆಂಟ್ ಇತ್ತು ಅಂತಿದ್ರೆ ಖಂಡಿತ ಅಂತೀನಿ. ಇರ್ಲಿಲ್ಲ ಅಂತಿದ್ರೆ ನೀನು ಕೇಳಿಸ್ಕೊಂಡಿದ್ದೇ ಸರಿ ಅಂತ ಇಟ್ಕೊಳ್ಳೋಣ.”

“ಕರೆಂಟ್ ಇರ್ಲಿಲ್ಲ ಅಂದ ಮಾತ್ರಕ್ಕೆ ನೀವು ಆಗಲಿ ಅಂದ್ರಿ ಅಂತ ಆಗುತ್ತಾ?” ಎಂದಳು. ಅವಳ ಪರವಾಗಿ ಬರಬಹುದಾದ ಆಧಾರವನ್ನು ಅವಳೇ ಅನುಮಾನಿಸಿದ್ದು ನೋಡಿ ನನಗೆ ಇನ್ನಷ್ಟು ಗೊಂದಲವಾಯಿತು. ಅವಳು ಹೇಳಿದ್ದು ನಿಜ. ಆಗುವುದಿಲ್ಲ. ಆದರೂ ಎಲ್ಲೋ ಒಂದು ಕಡೆ ನಿಲ್ಲಬೇಕಿತ್ತು.

ಮಳವಳ್ಳಿಯ ಆ ಮನೆಯಲ್ಲಿ ಈಗ ಅವಳ ತಮ್ಮನ ಸಂಸಾರ ಇದೆ. ಬಾಮೈದ ಬಾಗಿಲಲ್ಲೇ, “ಏನು ಭಾವ, ಅಪ್ಪನ ಕರೆಂಟ್ ಪುರಾಣ ಓದೋಕೆ ಇಷ್ಟು ದೂರ ಬಂದ್ರಾ?” ಎಂದು ನಕ್ಕ. ಅಟ್ಟದ ಮೇಲಿಂದ ಹಳೆಯ ಕ್ಯಾಲೆಂಡರುಗಳ ಸುರುಳಿ ಇಳಿಸಿಕೊಟ್ಟ. ಎಲ್ಲವೂ ಚರ್ಚಿನಲ್ಲಿ ಕೊಟ್ಟವು, ಒಂದೊಂದು ವರ್ಷಕ್ಕೆ ಒಂದೊಂದು ಚಿತ್ರ. ಬೇಕಾದ ವರ್ಷದ್ದನ್ನು ಹುಡುಕಿ, ನಡುಮನೆಯಲ್ಲಿ ನೆಲದ ಮೇಲೆ ಹಾಸಿ, ಸುರುಳಿ ಸುತ್ತಿಕೊಳ್ಳದ ಹಾಗೆ ನಾಲ್ಕು ಮೂಲೆಗೂ ಲೋಟ ಇಟ್ಟೆ. ಮಗಳು ಹುಟ್ಟಿದ ತಿಂಗಳ ಹಾಳೆ ತಿರುಗಿಸಿದೆ. ಹುಟ್ಟಿದ ತಾರೀಕಿನ ಸುತ್ತ ಮಾವ ಪೆನ್ಸಿಲಿನಲ್ಲಿ ಒಂದು ಗುಂಡು ಸುತ್ತು ಹಾಕಿದ್ದರು. ಅದರೊಳಗೆ, ಇಕ್ಕಟ್ಟಿನಲ್ಲಿ, ಅವರದೇ ಅಕ್ಷರ: ಹೋ 4-10, ಬಂ 5-25. ಐದರ ಬಸ್ಸಿಗೆ ನಾನು ಎದ್ದಾಗ ಫ್ಯಾನು ತಿರುಗುತ್ತಿರಲಿಲ್ಲ.